ಅಪ್‌ಡೇಟ್: ‘ಬ್ಲೂ ಮೂನ್’ ಎಂದರೆ ಪ್ರತಿ ಹುಣ್ಣಿಮೆಯಲ್ಲ

ಮಡಿಕೇರಿ ಬಳಿಯ ನಮ್ಮ ಹೋಂಸ್ಟೇಯಲ್ಲಿ ತಂಗಿದ್ದ ಅತಿಥಿಯೊಬ್ಬರು, ಇಲ್ಲಿ ಕರೆಂಟ್ ಹೋಗುವುದು ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದು ಅತಿಥಿ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಅದು ಹುಣ್ಣಿಮೆಗೊಮ್ಮೆ ಕರೆಂಟ್ ಕೈಕೊಡುತ್ತದೆಂಬ ದೂರೇ ಎಂದು ನಾನು ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ಕೃತಜ್ಞತೆಗಳು. ಅದು ದೂರಲ್ಲ, ಮೆಚ್ಚುಗೆ: ತೀರಾ ಅಪರೂಪಕ್ಕೆ ಎಂಬುದೇ ಅದರ ಅರ್ಥ, ನಾವು ‘ಅಮಾವಾಸ್ಯೆಗೋ ಹುಣ್ಣಿಮೆಗೋ ಒಮ್ಮೆ’ ಎನ್ನುವಂತೆ. (ಅವರು ಬಂದದ್ದು ಫೆಬ್ರವರಿಯಲ್ಲಿ, ಜುಲೈ ಮಳೆಯಲ್ಲಿ ಬಂದಿದ್ದರೆ ಹೀಗೆ ಬರೆಯುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.)

ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆಗಳು ಬಿದ್ದರೆ ಎರಡನೆಯದನ್ನು ಬ್ಲೂ ಮೂನ್ ಎನ್ನುತ್ತಾರೆ. ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಚಂದ್ರ ನಿಜಕ್ಕೂ ನೀಲಿಯಾಗಿ ಕಂಡದ್ದೂ ಉಂಟು, 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದ ನಂತರ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆಯೇ ಸಂಗತಿ. ಅಡುಗೆಮನೆಯ ಮೊಳೆಯಲ್ಲಿ ಹೊಗೆ ಹಿಡಿದು ತೂಗುತ್ತಿದ್ದ 2023ರ ಕ್ಯಾಲೆಂಡರಿನ ಆಗಸ್ಟ್ ಹಾಳೆಯನ್ನು ತಿರುವಿದಾಗ, ಮೊದಲ ಹುಣ್ಣಿಮೆ ಅಧಿಕ ಶ್ರಾವಣದ್ದಾಗಿಯೂ, ಬ್ಲೂ ಮೂನ್ ಎನಿಸಿಕೊಂಡ ತಿಂಗಳ ಕೊನೆಯದು ನಿಜ ಶ್ರಾವಣದ್ದಾಗಿಯೂ ಇತ್ತು. ಚಾಂದ್ರಮಾನದ ಹನ್ನೆರಡು ತಿಂಗಳು ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆಯಾಗುವುದರಿಂದ, ಆ ಉಳಿಕೆ ಕೂಡುತ್ತಾ ಹೋಗಿ ಎರಡೂವರೆ-ಮೂರು ವರ್ಷಕ್ಕೊಮ್ಮೆ ನಮ್ಮಲ್ಲಿ ಅಧಿಕ ಮಾಸವಾಗುತ್ತದೆ, ಅವರಲ್ಲಿ ಹೆಚ್ಚುವರಿ ಹುಣ್ಣಿಮೆಯಾಗುತ್ತದೆ.

ಅತಿಥಿಗೆ ಕಳುಹಿಸಲೆಂದು ಬರೆದಿಟ್ಟಿದ್ದ ಕ್ಷಮಾಪಣೆಯನ್ನು ಅಳಿಸಿ, ಧನ್ಯವಾದ ಬರೆದು ಕಳುಹಿಸಿದೆ.