ಕಂಪ್ಯೂಟರಿನಲ್ಲಿ ಎಬ್ಬಿಸಿದ ರೋಮ್: ‘ಪುನರ್‌ನಿರ್ಮಾಣ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆ ‘ರೋಮ್ ರಿಬಾರ್ನ್’ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ, ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಗೊತ್ತಿಲ್ಲದವರಿಗೆ: ಇದು ಕ್ರಿ.ಶ. 320ರ, ಅಂದರೆ ಕಾನ್‌ಸ್ಟಂಟೈನ್ ದೊರೆಯ ಕಾಲದ ರೋಮ್ ನಗರದ ಮೂರು ಆಯಾಮದ ಮಾದರಿ. ಪುರಾತತ್ವ ವಿದ್ವಾಂಸ ಬರ್ನಾರ್ಡ್ ಫ್ರಿಶರ್ ಮುಂದಾಳತ್ವದಲ್ಲಿ ತಯಾರಾಯಿತು, ಮೊದಲ ಆವೃತ್ತಿ 2007ರಲ್ಲಿ ಬಂತು. ಈಗ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಹಾಕಿಕೊಂಡು ಫೋರಮ್‌ನಲ್ಲಿ, ಅಂದರೆ ಊರ ನಡುವಿನ ಸಾರ್ವಜನಿಕ ಚೌಕದಲ್ಲಿ, ನಿಂತು ಸುತ್ತಲೂ ನೋಡಬಹುದು.

‘ವರ್ಚುವಲ್’ ಅನ್ನುವ ಪದದ ಬಗ್ಗೆ ನನ್ನ ತಕರಾರಿಲ್ಲ. ಹಿಂದಿಯ ‘ಆಭಾಸಿ’ ತಂದರೆ ನಮ್ಮಲ್ಲಿ ಆಭಾಸವೇ ಆಗುತ್ತದೆ. ಭೌತಶಾಸ್ತ್ರ ಪಾಠದ ‘ಮಿಥ್ಯ ಪ್ರತಿಬಿಂಬ’ದ ಜಾಡಿನಲ್ಲಿ ‘ಮಿಥ್ಯಾಲೋಕ’ ಅಂದರೆ ಸುಳ್ಳು ಅಂತ ಕೇಳಿಸುತ್ತದೆ. ವರ್ಚುವಲ್ ಅಂತಲೇ ಬಿಟ್ಟಿದ್ದೇನೆ, ದಯವಿಟ್ಟು ಆ ಹಳೇ ಜಗಳ ಮತ್ತೆ ಶುರು ಮಾಡಬೇಡಿ.

ನನ್ನ ಪ್ರಶ್ನೆ ‘ರೀಕನ್‌ಸ್ಟ್ರಕ್ಷನ್’ ಬಗ್ಗೆ. ಎಲ್ಲರೂ ‘ಪುನರ್‌ನಿರ್ಮಾಣ’ ಅಂತ ಬರೆಯುತ್ತಾರೆ. ಆದರೆ ಅದನ್ನು ಓದಿದರೆ ಕಲ್ಲು, ಗಾರೆ, ಮೇಸ್ತ್ರಿ ಕಣ್ಣಿಗೆ ಬರುವುದಿಲ್ಲವೇ? ಕ್ರೀಟ್ ದ್ವೀಪದ ನೋಸಸ್ ಅರಮನೆಯನ್ನು ಆರ್ಥರ್ ಇವಾನ್ಸ್ 1900ರಿಂದ ಅಗೆಸಿ, ಆಮೇಲೆ ಕೆಲವು ಭಾಗಗಳನ್ನು ಕಾಂಕ್ರೀಟಿನಲ್ಲೇ ಎಬ್ಬಿಸಿದರು. ಅದಕ್ಕೆ ಪುನರ್‌ನಿರ್ಮಾಣ ಅನ್ನಿ, ಬೇಕಾದರೆ ಜೀರ್ಣೋದ್ಧಾರ ಅನ್ನಿ, ಒಪ್ಪುತ್ತೇನೆ. ರೋಮ್ ರಿಬಾರ್ನ್‌ನಲ್ಲಿ ಒಂದು ಇಟ್ಟಿಗೆಯನ್ನೂ ಯಾರೂ ಇಟ್ಟಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಆ ಮಾದರಿಯಲ್ಲಿ ಸುಮಾರು 7,000 ಕಟ್ಟಡಗಳಿವೆ. ಕೊಲೊಸಿಯಂ ತರಹ ಜಾಗ, ಆಕಾರ ಎರಡೂ ಚೆನ್ನಾಗಿ ಗೊತ್ತಿರುವವು ಕೆಲವೇ. ಮಿಕ್ಕವುಗಳಲ್ಲಿ ಹೆಚ್ಚಿನವು ಮನೆಗಳು, ವಠಾರಗಳು. ಯಾವ ಪ್ರದೇಶದಲ್ಲಿ ಎಂಥ ಮನೆ ಎಷ್ಟಿದ್ದವು ಅಂತ ನಾಲ್ಕನೇ ಶತಮಾನದ ಪಟ್ಟಿಗಳು ಹೇಳುತ್ತವೆ, ವಾಸ್ತುಶಿಲ್ಪಿ ಇಟಾಲೋ ಜಿಸ್ಮೊಂಡಿ ಇಪ್ಪತ್ತನೇ ಶತಮಾನದಲ್ಲಿ ಮಾಡಿಸಿದ, ಪ್ರಾಚೀನ ರೋಮಿನ 1:250 ಅಳತೆಯ ಪ್ಲಾಸ್ಟರ್ ಮಾದರಿಯೂ ಇದೆ, ಅವುಗಳ ಆಧಾರದ ಮೇಲೆ ಇವನ್ನು ತುಂಬಿಸಿದ್ದಾರೆ. ಅಂದರೆ ಬೀದಿ ಬದಿಯ ಆ ಕಿಟಕಿ, ಆ ಬಾಲ್ಕನಿ ಊಹೆ. ಒಳ್ಳೆಯ ಊಹೆಯೇ, ಆದರೂ ಊಹೆ. ಪರದೆ ಮೇಲೆ ನೋಡಿದರೆ ಗೊತ್ತಿರುವುದು, ಊಹಿಸಿದ್ದು ಎರಡೂ ಒಂದೇ ಥರ ಗಟ್ಟಿಯಾಗಿ ಕಾಣುತ್ತವೆ, ಮಕ್ಕಳು ಎರಡನ್ನೂ ಒಂದೇ ಥರ ನಂಬುತ್ತಾರೆ.

ಬೇಕೆಂದೇ ಬದಲಿಸಿದ್ದೂ ಇರುತ್ತದೆ. 2018ರಲ್ಲಿ ಬಂದ ಪ್ರಾಚೀನ ಈಜಿಪ್ಟಿನ ‘ಡಿಸ್ಕವರಿ ಟೂರ್’ ಎಂಬ ಕಲಿಕೆಯ ವಿಡಿಯೋ ಗೇಮ್‌ನಲ್ಲಿ ಶಾಲೆಯಲ್ಲಿ ಹುಡುಗಿಯರೂ ಕೂತಿರುತ್ತಾರೆ. ಇದು ಇತಿಹಾಸಕ್ಕೆ ಹೊಂದುವುದಿಲ್ಲ, ಆಟದಲ್ಲಿ ಎಲ್ಲರೂ ಇರಲಿ ಅಂತ ಹಾಗೆ ಮಾಡಿದ್ದೇವೆ ಎಂಬರ್ಥದ ಟಿಪ್ಪಣಿಯನ್ನು ಮಾಡಿದವರೇ ಕೊಟ್ಟಿದ್ದಾರೆ. ಅದೇ ಟೂರ್‌ನಲ್ಲಿ ಬೆತ್ತಲೆ ಶಿಲ್ಪಗಳಿಗೆ ಕಪ್ಪೆಚಿಪ್ಪು ಮುಚ್ಚಿದ್ದಾರೆ! ಅದು ಬೇರೆ ಕಥೆ.

ಭಾಷಾವಿಜ್ಞಾನದವರ ದಾರಿ ನನಗೆ ಇಷ್ಟ. ಹಳಗನ್ನಡದ ‘ಪಾಲ್’ (ಹಾಲು) ಬರಹದಲ್ಲಿ ಸಿಗುತ್ತದೆ. ಕನ್ನಡ, ತಮಿಳುಗಳಿಗೆಲ್ಲ ತಾಯಿಯಾದ ಮೂಲದ್ರಾವಿಡದ *ಪಾಲ್ ಎಲ್ಲೂ ಸಿಗುವುದಿಲ್ಲ, ನುಡಿಗಳನ್ನು ಹೋಲಿಸಿ ತೀರ್ಮಾನಿಸಿದ್ದು, ಅದಕ್ಕೇ ಮುಂದೆ ಆ ನಕ್ಷತ್ರ. ಈ ಕೆಲಸಕ್ಕೆ ಅವರು ‘ಪುನಾರಚನೆ’ ಅನ್ನುತ್ತಾರೆ. ಅದನ್ನೇ ಇಲ್ಲಿಗೂ ತರೋಣ ಅಂದುಕೊಂಡೆ. ಆದರೆ ಪೇಪರ್ ಓದುವವರಿಗೆ ಪುನಾರಚನೆ ಅಂದರೆ ಸಚಿವ ಸಂಪುಟ, ಅಲ್ವಾ?

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ಇಡೀ ಮಾದರಿಗೆ ‘ಮರುರಚನೆ’, ಅದರಲ್ಲಿ ಆಧಾರ ಕಮ್ಮಿ ಇರುವ ಭಾಗಕ್ಕೆ ‘ಊಹಾರೂಪ’. ಎರಡನೆಯದು ಸುಮ್ನೆ ನನ್ನ ಬಾಯಿಗೆ ಬಂದದ್ದು, ಎಲ್ಲೂ ಓದಿಲ್ಲ. ಬೇರೆ ಯಾರಾದರೂ ಬಳಸಿದ್ದು ನೋಡಿದ್ದೀರಾ?

ಇನ್ನೂ ಒಂದಿದೆ. ಇಂಥ ಮಾದರಿಗಳ ಬಗ್ಗೆ ‘ಲಂಡನ್ ಚಾರ್ಟರ್’ ಅಂತ ನಿಯಮಗಳಿವೆ, 2009ರ ಆವೃತ್ತಿ ನನ್ನ ಹತ್ತಿರ ಇದೆ. ಯಾವ ಭಾಗವನ್ನು ಯಾವ ಆಧಾರದಿಂದ, ಯಾಕೆ ಹೀಗೇ ತೋರಿಸಿದೆವು ಅನ್ನುವುದನ್ನು ಬರೆದಿಡಿ ಅನ್ನುತ್ತದೆ ಅದು. ಆ ದಾಖಲೆಗೆ ‘ಪ್ಯಾರಾಡೇಟಾ’ ಅಂತ ಹೆಸರು. ‘ಆಧಾರ ಟಿಪ್ಪಣಿ’ ಅಂದರೆ ಅಡಿಟಿಪ್ಪಣಿಯ ಹಾಗೆ ಕೇಳಿಸುತ್ತದೆ, ‘ತೀರ್ಮಾನದ ದಾಖಲೆ’ ಅಂದರೆ ಪಂಚಾಯಿತಿ ಸಭೆ ನೆನಪಾಗುತ್ತದೆ. ಶಾಸನ ಸಂಪಾದನೆ ಮಾಡಿದವರು ಈ ಮೇಲಿಂಗ್ ಪಟ್ಟಿಯಲ್ಲಿ ಇದ್ದೀರಿ. ಅಳಿಸಿಹೋದ ಅಕ್ಷರವನ್ನು ಕಂಸದಲ್ಲಿ ತುಂಬಿ, ಯಾಕೆ ತುಂಬಿದಿರಿ ಅಂತ ಬರೆಯುತ್ತೀರಲ್ಲ, ಅದಕ್ಕೆ ನಿಮ್ಮಲ್ಲಿ ಏನು ಹೇಳುತ್ತೀರಿ? ಅದೇ ಹೊಂದಿದರೆ ಅದನ್ನೇ ಹಾಕಿಬಿಡುತ್ತೇನೆ.