ಮಂಜು ಕವಿದ ಊರಲ್ಲಿ ನಕ್ಷೆ ಧೂಳಿನ ಬಿರುಗಾಳಿ ತೋರಿಸುತ್ತಿದೆ, ಯಾಕೆ?

ಮೋಡಗಣ್ಣು: ತಲೆ ಕೆಟ್ಟು ಹೋಗಿದೆ. ನಾನೇ ಬರೆದ ಮೋಡ, ಕೊಡೆ ಚಿತ್ರಗಳನ್ನೆಲ್ಲ ತೆಗೆದು ಮೆಟ್‌ಪೈನಲ್ಲಿ (ಹವಾಮಾನ ನಕ್ಷೆ ಬರೆಯುವ ಪೈಥಾನ್ ಲೈಬ್ರರಿ) ವಿಶ್ವ ಹವಾಮಾನ ಸಂಸ್ಥೆಯ ಗುರುತು ಹಾಕಿದೆ. ಮಳೆ ಸರಿ ಬರುತ್ತದೆ, ಹಿಮವೂ ಸರಿ. ಮಂಜಿಗೆ ಮೂರು ಅಡ್ಡಗೆರೆ ಬರಬೇಕು ತಾನೆ? ಬರುತ್ತಿರುವುದು ಬಾಣ ತೂರಿದ ಎಸ್ ಆಕಾರ. ಅದು ಧೂಳಿನ ಬಿರುಗಾಳಿಯ ಗುರುತು! ಸ್ಕ್ರೀನ್‌ಶಾಟ್ ಹಾಕಿದ್ದೇನೆ.

ಅಕ್ಷರಮಾಲೆ: ಆ ಗುರುತುಗಳ ಫಾಂಟ್‌ನ ಕ್ಯಾಶೆ (ಉಳಿಸಿಟ್ಟ ಹಳೆ ಪ್ರತಿ) ಸಾರ್. ಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್‌ನ ಕ್ಯಾಶೆ ಫೋಲ್ಡರ್ ಅಳಿಸಿ ನೋಡಿ.

ಮೋಡಗಣ್ಣು: ಅಳಿಸಿದೆ. ಹಾಗೇ ಇದೆ.

ಅಕ್ಷರಮಾಲೆ: ಹಾಗಾದರೆ ಫಾಂಟ್ ಫೈಲೇ ಕೆಟ್ಟಿದೆ. ಮೆಟ್‌ಪೈ ತೆಗೆದು ಮತ್ತೆ ಹಾಕಿ.

ಪಡುವಣಗಾಳಿ: ಫಾಂಟ್ ಕೆಟ್ಟಿದ್ದರೆ ಮಳೆಯ ಚುಕ್ಕಿ ಹೇಗೆ ಸರಿ ಬಂತು? ಡೇಟಾ ಎಲ್ಲಿಯದು ಅಂತ ನೀವು ಹೇಳಿಯೇ ಇಲ್ಲ. ಗಾಳಿಯ ಗರಿಗಳೂ (ವೇಗ ತೋರಿಸುವ ಗೆರೆಗಳು) ತಪ್ಪು. ಎರಡು ಪೂರ್ತಿ ಗರಿ ಅಂದರೆ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.). ಅಷ್ಟು ಗಾಳಿ ಬೀಸಿದರೆ ಮಂಜು ನಿಲ್ಲುವುದು ಕಷ್ಟ.

ತೋಟದಮನೆ: ನಾಟ್ ಯಾಕೆ ಬೇಕು? ಸೆಕೆಂಡಿಗೆ ಇಷ್ಟು ಮೀಟರ್ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಸಾಗರದ ನಮ್ಮ ತೋಟದಲ್ಲಿ ಗಾಳಿಮಾಪಕ, ಮಳೆಮಾಪಕ ಎರಡೂ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೇನೆ. ಎಲ್ಲಾ ಮೀಟರ್‌ನಲ್ಲೇ. ಕರೆಂಟ್ ಹೋದರೂ ಸೋಲಾರ್‌ನಲ್ಲಿ ಓಡುತ್ತದೆ.

ಪಡುವಣಗಾಳಿ: ನಿಮ್ಮ ತೋಟಕ್ಕೆ ಅದು ಸಾಕು. ಇವರಿಗೆ ಬೇಕಿರುವುದು ಅಂತರರಾಷ್ಟ್ರೀಯ ನಕ್ಷೆ. ಅದರಲ್ಲಿ ಅರ್ಧ ಗರಿ 5, ಪೂರ್ತಿ ಗರಿ 10, ಬಾವುಟ 50 ನಾಟ್.

ಮೋಡಗಣ್ಣು: ಗಾಳಿ ಆಮೇಲೆ ನೋಡೋಣ. ನಾನಿರುವುದು ಉಟ್ರೆಕ್ಟ್‌ನಲ್ಲಿ. ನೆದರ್ಲೆಂಡ್ಸ್‌ನ ಹವಾಮಾನ ಸಂಸ್ಥೆ ಕೆಎನ್‌ಎಂಐನ ಗಂಟೆವಾರು ಡೇಟಾ. ಡೆ ಬಿಲ್ಟ್ ನಿಲ್ದಾಣದ ಸಾಲಿನಲ್ಲಿ ಹವಾಮಾನ ಕೋಡ್ 34 ಇದೆ.

ಅಕ್ಷರಮಾಲೆ: ಫಾಂಟ್‌ನಲ್ಲಿ 34ರ ಜಾಗಕ್ಕೆ ಬೇರೆ ಗುರುತು ಕೂತಿದೆ ಅಷ್ಟೇ. ಬೇರೆ ಫಾಂಟ್ ಹಾಕಿ.

ಏಳನೇ_ಗುಂಪು: ಫಾಂಟ್ ಬಿಡಿ. ಅದೇ ಸಾಲಿನಲ್ಲಿ ಐಎಕ್ಸ್ ಕಾಲಂ ನೋಡಿ, 7 ಇರುತ್ತದೆ. ಅಂದರೆ ಅದು ಯಂತ್ರವೇ ನೋಡಿ ಬರೆದ ಕೋಡ್. ಮನುಷ್ಯ ನೋಡಿ ಬರೆಯುವ ಕೋಡ್‌ಗೆ ವಿಶ್ವ ಹವಾಮಾನ ಸಂಸ್ಥೆಯ ಕೋಷ್ಟಕ 4677, ಯಂತ್ರದ್ದಕ್ಕೆ 4680. ಎರಡರಲ್ಲೂ 61 ಅಂದರೆ ಸಣ್ಣ ಮಳೆ, 71 ಅಂದರೆ ಸಣ್ಣ ಹಿಮ. ಅದಕ್ಕೇ ಅವು ಸರಿ ಕಂಡವು. ಆದರೆ 34 ಅನ್ನುವುದು 4677ರಲ್ಲಿ ಜೋರು ಧೂಳು ಬಿರುಗಾಳಿ, 4680ರಲ್ಲಿ ದಟ್ಟವಾಗುತ್ತಿರುವ ಮಂಜು. ಮೆಟ್‌ಪೈನಲ್ಲಿ 4677ರ ಗುರುತುಗಳಿಗೆ ‘ಕರೆಂಟ್_ವೆದರ್’, ಪಕ್ಕದಲ್ಲೇ 4680ಕ್ಕೆ ‘ಕರೆಂಟ್_ವೆದರ್_ಆಟೋ’ ಇದೆ. ಐಎಕ್ಸ್ 7 ಇರುವ ನಿಲ್ದಾಣಗಳನ್ನು ಬೇರೆ ಮಾಡಿ ಅದಕ್ಕೆ ಕೊಡಿ. 1 ಮತ್ತು 4 (ಮನುಷ್ಯರ ಕೋಡ್‌ನಲ್ಲೇ ಬರೆದವು) ಮಾತ್ರ ಹಳೆಯದಕ್ಕೇ ಹೋಗಲಿ. ಎಲ್ಲವನ್ನೂ ಆಟೋಗೆ ತಳ್ಳಬೇಡಿ, ಆಗ ತಪ್ಪು ಇನ್ನೊಂದು ಕಡೆ ಬರುತ್ತದೆ.

ಗಾಳಿಯೂ ಅಷ್ಟೇ. ಆ ಫೈಲಿನಲ್ಲಿ ವೇಗ ಇರುವುದು ಸೆಕೆಂಡಿಗೆ ಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. 20 ಅಂದರೆ 2 ಮೀಟರ್, ಸುಮಾರು 4 ನಾಟ್.

ಮೋಡಗಣ್ಣು: ಬಂತು! ಡೆ ಬಿಲ್ಟ್, ಸ್ಕಿಪೋಲ್ ಎರಡರಲ್ಲೂ ಮೂರು ಗೆರೆ. ತುಂಬಾ ಥ್ಯಾಂಕ್ಸ್. ಆದರೆ ಕೆಲವು ನಿಲ್ದಾಣಗಳಲ್ಲಿ ಗುರುತೇ ಇಲ್ಲ.

ಏಳನೇ_ಗುಂಪು: ಐಎಕ್ಸ್ 5 ಇದ್ದರೆ ಹೇಳುವಂಥ ಹವಾಮಾನ ಏನೂ ಇರಲಿಲ್ಲ. 6 ಇದ್ದರೆ ಮಾಹಿತಿಯೇ ಸಿಕ್ಕಿಲ್ಲ. ಎರಡನ್ನೂ ಖಾಲಿ ಬಿಟ್ಟರೆ ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 6ಕ್ಕೆ ನಿಲ್ದಾಣದ ಹೆಸರನ್ನಾದರೂ ಬೂದು ಬಣ್ಣದಲ್ಲಿ ಬರೆಯಿರಿ.

ತೋಟದಮನೆ: ರಾಸ್ಪ್‌ಬೆರಿ ಪೈಗೆ ಮಂಜು ಗುರುತಿಸುವ ಸೆನ್ಸರ್ ಜೋಡಿಸಿದವರು ಇಲ್ಲಿ ಯಾರಾದರೂ ಇದ್ದೀರಾ?