ಹಲ್ಲಿನ ಖರ್ಚಿಗೆ ಕಂಪನಿಯ ಓಪಿಡಿ ಪಾಲಿಸಿಯೋ, ಸರ್ಕಾರಿ ಸೌಲಭ್ಯವೋ?

ಪಿಂಪ್ರಿ ಕನ್ನಡಿಗ

ನಮ್ಮ ಕಂಪನಿಯ ಗ್ರೂಪ್ ಪಾಲಿಸಿಗೆ ಹಲ್ಲಿನ ಓಪಿಡಿ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ) ಸೇರಿಸಿಕೊಳ್ಳಲು ಈ ತಿಂಗಳ ಕೊನೆಯವರೆಗೆ ಅವಕಾಶ ಇದೆ. ನನಗೂ ಅಮ್ಮನಿಗೂ ಸೇರಿ ವರ್ಷಕ್ಕೆ 6,400 ರೂ. ಕಂತು, ಒಟ್ಟು ಮಿತಿ 10,000, ಪ್ರತಿ ಬಿಲ್ಲಿನಲ್ಲಿ ಶೇ. 20 ನಮ್ಮ ಪಾಲು. ಕ್ಯಾಪ್, ಹಲ್ಲಿನ ಸೆಟ್, ಇಂಪ್ಲಾಂಟ್, ಕ್ಲಿಪ್ ಇವಕ್ಕೆಲ್ಲ ಕೊಡುವುದಿಲ್ಲ ಎಂದು ಬರೆದಿದ್ದಾರೆ.

ಅಮ್ಮನಿಗೆ 72 ವರ್ಷ. ಕೆಳಗೆ ಎಡಗಡೆಯ ಮೊದಲ ದವಡೆ ಹಲ್ಲಿಗೆ ರೂಟ್ ಕೆನಾಲ್ ಮತ್ತು ಕ್ಯಾಪ್ ಆಗಬೇಕು. ಮೇಲಿನ ನಾಲ್ಕು ಹಲ್ಲು ಅಲುಗಾಡುತ್ತಿವೆ, ಕೀಳಿಸಿ ಸೆಟ್ ಹಾಕಿಸಬೇಕು. ನನಗೆ ಎರಡು ಹುಳುಕು ತುಂಬಿಸುವುದಿದೆ. ಜೊತೆಯಲ್ಲೇ ಇರುವ ತಮ್ಮನ ಸಂಬಳ 19,500, ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಕಟ್ ಆಗುತ್ತದೆ. ಅಮ್ಮನಿಗೆ ಪೆನ್ಷನ್ ಇಲ್ಲ. ಯಾವುದನ್ನು ನಂಬಿಕೊಳ್ಳಬೇಕು?

ಕ್ಲೇಮ್ ಲೆಕ್ಕ

ಮೊದಲು ಒಂದು ವಿಷಯ ತಿಳಿದಿರಲಿ. ನಮ್ಮಲ್ಲಿ ವಿಮೆ ಹೆಚ್ಚಾಗಿ ಹಣ ಕೊಡುವುದು ಆಸ್ಪತ್ರೆಗೆ ದಾಖಲಾಗಿ ಹಾಸಿಗೆಯ ಮೇಲೆ ನಡೆಯುವ ಚಿಕಿತ್ಸೆಗೆ. ಹಲ್ಲಿನ ಕೆಲಸ ನಡೆಯುವುದು ಕುರ್ಚಿಯ ಮೇಲೆ. ಖಾಸಗಿ ಇರಲಿ, ಸರ್ಕಾರಿ ಇರಲಿ, ಯಾವ ಕಾಗದ ಕೈಗೆ ಬಂದರೂ ಇದನ್ನೇ ಮೊದಲು ನೋಡಿ.

ಈಗ ನಿಮ್ಮ ಪಾಲಿಸಿ. ನಿಮ್ಮ ಪಾಲು ಶೇ. 20 ಆದ್ದರಿಂದ 6,400 ವಾಪಸ್ ಬರಬೇಕಾದರೆ ವರ್ಷಕ್ಕೆ 8,000 ರೂಪಾಯಿಯ ಬಿಲ್ ಆಗಬೇಕು, ಅದೂ ಪಟ್ಟಿಯೊಳಗಿನ ಕೆಲಸಕ್ಕೆ. ಮಿತಿ ಪೂರ್ತಿ ಮುಗಿಯಲು 12,500 ಬಿಲ್ ಬೇಕು. ಆಗಲೂ ಹೆಚ್ಚೆಂದರೆ ಉಳಿಯುವುದು 3,600. ಕ್ಯಾಪ್ ಮತ್ತು ಸೆಟ್ ಹೊರಗಿರುವುದರಿಂದ ನಿಮಗೆ ಲೆಕ್ಕಕ್ಕೆ ಬರುವುದು ರೂಟ್ ಕೆನಾಲ್, ನಾಲ್ಕು ಹಲ್ಲು ಕೀಳಿಸುವುದು, ನಿಮ್ಮ ಎರಡು ಫಿಲ್ಲಿಂಗ್, ಇಷ್ಟೇ. ಕ್ಲಿನಿಕ್‌ನಲ್ಲಿ ಈ ಮೂರಕ್ಕೆ ಮಾತ್ರ ಬರಹದಲ್ಲಿ ಎಸ್ಟಿಮೇಟ್ ತೆಗೆದುಕೊಳ್ಳಿ. 8,000ಕ್ಕಿಂತ ಕಡಿಮೆ ಬಂದರೆ ಬೇಡವೇ ಬೇಡ.

ಹೆಚ್ಚು ಬಂದರೂ ಇನ್ನೂ ಎರಡು ಪ್ರಶ್ನೆ ಎಚ್‌ಆರ್‌ಗೆ ಮೇಲ್‌ನಲ್ಲೇ ಕೇಳಿ: ಸೇರಿದ ದಿನದಿಂದಲೇ ಕೊಡುತ್ತಾರೋ, ಕಾಯುವ ಅವಧಿ ಇದೆಯೋ? ಈಗಾಗಲೇ ಇರುವ ಹುಳುಕಿಗೆ ಕೊಡುತ್ತಾರೋ? ಬಾಯಲ್ಲಿ ಹೇಳಿದ ಉತ್ತರ ಕ್ಲೇಮ್ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ.

ತಗೊಂಡರೆ ಬಿಲ್ ಹೇಗಿರಬೇಕು ಗೊತ್ತಿರಲಿ. "ಹಲ್ಲಿನ ಚಿಕಿತ್ಸೆ, ಒಟ್ಟು ಇಷ್ಟು" ಎಂದು ಒಂದೇ ಸಾಲಿನ ಬಿಲ್ ಕೊಟ್ಟರೆ ಕ್ಲೇಮ್ ಹಿಂದಕ್ಕೆ ಬರುತ್ತದೆ. ಹಲ್ಲಿನ ನಂಬರ್ ಬೇಕು (ನೀವು ಹೇಳಿದ ದವಡೆ ಹಲ್ಲು 36), ಪ್ರತಿ ಕೆಲಸಕ್ಕೂ ಬೇರೆ ಸಾಲು ಬೇಕು, ಡಾಕ್ಟರ ಡೆಂಟಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಬೇಕು. ಚಿಕಿತ್ಸೆಗೆ ಮುಂಚಿನದು, ನಂತರದ್ದು, ಎರಡೂ ಎಕ್ಸ್‌ರೇ ಇಟ್ಟುಕೊಳ್ಳಿ. ಕ್ಯಾಪನ್ನು ರೂಟ್ ಕೆನಾಲ್ ಜೊತೆ ಒಂದೇ ಸಾಲಿಗೆ ಸೇರಿಸಲು ಬಿಡಬೇಡಿ. ಕ್ಯಾಪ್ ನೆಪದಲ್ಲಿ ಇಡೀ ಮೊತ್ತ ನಿಂತುಬಿಡುತ್ತದೆ.

ಚಿಂಚವಡ ನಿವಾಸಿ

ತಮ್ಮನ ಇಎಸ್‌ಐ ಇದ್ದೂ ಅದನ್ನು ಬಳಸದೇ ಇರುವುದು ದೊಡ್ಡ ನಷ್ಟ. ಸಂಬಳದ ಶೇ. 0.75 ಅವರದು, ಶೇ. 3.25 ಮಾಲೀಕರದು. ಅಂದರೆ ತಿಂಗಳಿಗೆ ಅವರ ಕೈಯಿಂದ ಹೋಗುವುದು ಸುಮಾರು 146 ರೂ. ಅವಲಂಬಿತ ತಾಯಿಯ ಎಲ್ಲ ಮೂಲದ ಆದಾಯ ತಿಂಗಳಿಗೆ 9,000 ದಾಟದಿದ್ದರೆ ಅವರಿಗೂ ಸೌಲಭ್ಯ ಉಂಟು. ನಿಮ್ಮ ತಮ್ಮ ತಾವು ಕೆಲಸ ಮಾಡುವ ಕಂಪನಿಯ ಮೂಲಕ ಅಮ್ಮನ ಆಧಾರ್ ಮತ್ತು ಫೋಟೊ ಸೇರಿಸಿ, ಇ-ಪೆಹಚಾನ್ ಕಾರ್ಡಿನಲ್ಲಿ (ಇಎಸ್‌ಐ ಗುರುತಿನ ಕಾರ್ಡು) ಅಮ್ಮನ ಹೆಸರು ಬಂದಿದೆಯೇ ನೋಡಲಿ. ಹೆಚ್ಚಿನವರು ಎಡವುವುದು ಇಲ್ಲೇ: ಕೆಲಸಕ್ಕೆ ಸೇರಿದಾಗ ಹೆಂಡತಿ-ಮಕ್ಕಳ ಹೆಸರು ಕೊಟ್ಟಿರುತ್ತಾರೆ, ತಂದೆ-ತಾಯಿಯದು ಬಿಟ್ಟಿರುತ್ತಾರೆ.

ಕಾರ್ಡಿನಲ್ಲಿರುವ ಡಿಸ್ಪೆನ್ಸರಿಗೆ ಮೊದಲು ಹೋಗಬೇಕು, ಅಲ್ಲಿಂದ ಚೀಟಿ ತಂದು ಆಸ್ಪತ್ರೆಗೆ. ನಿಮಗೆ ಹತ್ತಿರದ್ದು ಚಿಂಚವಡದ ಮೋಹನ್ ನಗರ. ಹಲ್ಲು ಕೀಳಿಸುವುದಕ್ಕೆ, ಔಷಧಿಗೆ ಈ ದಾರಿ ನೋಡಿ. ಕ್ಯಾಪ್, ಸೆಟ್ ಸಿಗುತ್ತದೆ ಎಂದು ಮಾತ್ರ ಲೆಕ್ಕ ಹಾಕಬೇಡಿ, ಚೀಟಿ ಬರೆಸುವಾಗಲೇ ಕೇಳಿ.

ತಮ್ಮನ ಸಂಬಳ ಇಎಸ್‌ಐ ಮಿತಿಯಾದ 21,000 ದಾಟಿದರೂ ಆ ಕಂತಿನ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ, ಕಟ್ ಆಗುತ್ತಲೇ ಇರುತ್ತದೆ. ಇನ್‌ಕ್ರಿಮೆಂಟ್ ಹತ್ತಿರ ಇದ್ದರೆ ಅಮ್ಮನ ಕೆಲಸ ಬೇಗ ಶುರು ಮಾಡಿ.

70 ದಾಟಿದವರ ಆಯುಷ್ಮಾನ್ ವಯ ವಂದನಾ ಕಾರ್ಡನ್ನೂ ಮಾಡಿಸಿ. ಆದಾಯ ನೋಡುವುದಿಲ್ಲ, ಆಧಾರ್‌ನಲ್ಲಿರುವ ವಯಸ್ಸು ಸಾಕು, ವರ್ಷಕ್ಕೆ 5 ಲಕ್ಷ. ಆದರೆ ಅದು ಹಾಸಿಗೆಯ ಕಾರ್ಡು. ದವಡೆ ಮೂಳೆ ಮುರಿದರೆ, ಬಾಯಿ ಕ್ಯಾನ್ಸರ್ ಆಪರೇಷನ್ ಆದರೆ ಉಪಯೋಗ. ಫಿಲ್ಲಿಂಗಿಗೆ ಅಲ್ಲ.

ಧನಕವಡಿ

ಸೆಟ್‌ಗೆ, ಕ್ಯಾಪ್‌ಗೆ ಪಾಲಿಸಿ ಹುಡುಕೋದಕ್ಕಿಂತ ಡೆಂಟಲ್ ಕಾಲೇಜಿಗೆ ಹೋಗ್ರಿ. ಮುಂಬೈಯಾಗಾದ್ರ ಸಿಎಸ್‌ಎಂಟಿ ಸ್ಟೇಷನ್ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜ್, ಮುಂಬೈ ಸೆಂಟ್ರಲ್‌ದಾಗ ಪಾಲಿಕೆಯ ನಾಯರ್ ಅದಾವ. ಪುಣೆದಾಗ ಪಿಂಪ್ರಿ, ಧನಕವಡಿ ಕಡೆ ಇರೋವು ಖಾಸಗಿ ಕಾಲೇಜು, ಆದ್ರೂ ಓಪಿಡಿ ರೇಟು ಕ್ಲಿನಿಕ್‌ಗಿಂತ ಕಡಿಮಿ.

ಬೆಳಿಗ್ಗೆ ಲಗೂನ ಹೋಗಿ ಕೇಸ್ ಪೇಪರ್ ಮಾಡಿಸ್ರಿ. ಮೊದಲು ತಪಾಸಣೆ, ಎಕ್ಸ್‌ರೇ. ಅಲ್ಲಿಂದ ಕೀಳೋದಕ್ಕ ಒಂದು ವಿಭಾಗ, ರೂಟ್ ಕೆನಾಲ್‌ಗೆ ಇನ್ನೊಂದು, ಸೆಟ್‌ಗೆ ಮತ್ತೊಂದು. ದವಡೆ ಹಲ್ಲಿನ ರೂಟ್ ಕೆನಾಲ್ ಪಿಜಿ ವಿದ್ಯಾರ್ಥಿಗಳ ಕಡೆ ಮಾಡಿಸ್ರಿ. ಆ ಹಲ್ಲಿನ ಬೇರು ಒಂದಕ್ಕಿಂತ ಹೆಚ್ಚು, ನಾಲಿ ಮೂರು-ನಾಲ್ಕು ಇರತಾವ, ಒಂದು ಬಿಟ್ಟುಹೋದ್ರ ಮತ್ತ ಕೀವು ಆಗತದ. ರೂಟ್ ಕೆನಾಲ್ ಮುಗಿದ ಮ್ಯಾಲ ಕ್ಯಾಪ್ ತಡ ಮಾಡಬ್ಯಾಡ್ರಿ. ಒಳಗ ಪೊಳ್ಳಾದ ಹಲ್ಲು ಗಟ್ಟಿ ಪದಾರ್ಥ ಕಡದಾಗ ಸೀಳತದ, ಸೀಳಿದ್ರ ಕೀಳೋದೊಂದೇ ದಾರಿ.

ಸೆಟ್‌ಗೆ ಅವಸರ ಬ್ಯಾಡ. ಹಲ್ಲು ಕಿತ್ತ ಜಾಗದಾಗ ಮೂಳೆ ಇಳೀತದ, ಎರಡು-ಮೂರು ತಿಂಗಳು ಬಿಡಬೇಕು. ಅದಕ್ಕೂ ಮೊದಲು ಮಾಡಿದ ಸೆಟ್ ಸಡಿಲಾಗಿ ವಸಡಿಗೆ ಹುಣ್ಣು ಮಾಡತದ. ಆಮ್ಯಾಲ ಅಳತಿ, ಕಚ್ಚೋ ಅಳತಿ, ಮೇಣದ ಟ್ರಯಲ್, ಸೆಟ್ ಕೊಡೋದು, ಮತ್ತ ಒಂದೆರಡು ಸಲ ಉಜ್ಜಿ ಸರಿ ಮಾಡೋದು. ಮೇಣದ ಟ್ರಯಲ್ ದಿನ ಅಮ್ಮಾರಿಗೆ ಕನ್ನಡಿ ಕೊಟ್ಟು ತೋರಸ್ರಿ, ಬಣ್ಣ ಆಕಾರ ಬದಲಿಸೋದಿದ್ರ ಅವತ್ತೇ.

ಒಂದು ಮಾತ್ರ ಮರೀಬ್ಯಾಡ್ರಿ: ಸಕ್ಕರಿ ಕಾಯಿಲೆ, ರಕ್ತ ತೆಳು ಮಾಡೋ ಗುಳಿಗಿ, ಮೂಳೆ ಸವೆತಕ್ಕ ತಗೊಂಡ ಇಂಜೆಕ್ಷನ್, ಎಲ್ಲಾ ಚೀಟಿ ಒಯ್ದು ಕೀಳೋದಕ್ಕೂ ಮೊದಲು ತೋರಸ್ರಿ. ಆ ಇಂಜೆಕ್ಷನ್ ಆಗಿದ್ರ ಕಿತ್ತ ಗಾಯ ಮಾಯೋದು ಕಷ್ಟ ಆಗಬಹುದು. ರಕ್ತ ತೆಳು ಮಾಡೋ ಗುಳಿಗಿ ತಾವಾಗೇ ನಿಲ್ಲಿಸಬ್ಯಾಡ್ರಿ.

ಪಿಂಪ್ರಿ ಕನ್ನಡಿಗ

ಎಲ್ಲರಿಗೂ ಧನ್ಯವಾದ. ಒಂದು ಸಣ್ಣ ಸಂದೇಹ: ಬೈಕಿನಿಂದ ಬಿದ್ದು ಹಲ್ಲು ಮುರಿದರೆ ಕಂಪನಿಯ ಮೂಲ ಪಾಲಿಸಿ ಕೊಡುತ್ತದಲ್ಲವೇ?

ಕ್ಲೇಮ್ ಲೆಕ್ಕ

ಅಪಘಾತದ ಹಲ್ಲಿನ ಚಿಕಿತ್ಸೆಗೆ ಸಾಮಾನ್ಯವಾಗಿ ಕೊಡುತ್ತದೆ, ಆಸ್ಪತ್ರೆಗೆ ದಾಖಲಾಗಿದ್ದರೆ. ಪುಣೆ, ಮುಂಬೈಯಂಥ ಊರಲ್ಲಿ ವಿಮೆಯ ಲೆಕ್ಕಕ್ಕೆ ಆಸ್ಪತ್ರೆ ಎನಿಸಿಕೊಳ್ಳಲು ಕನಿಷ್ಠ 15 ಹಾಸಿಗೆ ಬೇಕು, ಹಗಲು-ರಾತ್ರಿ ನರ್ಸ್ ಬೇಕು. ಎರಡು ಕುರ್ಚಿಯ ಕ್ಲಿನಿಕ್ ಅದರಲ್ಲಿ ಬರುವುದಿಲ್ಲ. ಬಿದ್ದಾಗ ಮೊದಲು ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗಿ, ಕೇಸ್ ಪೇಪರ್‌ನಲ್ಲಿ ಹಲ್ಲು ಮತ್ತು ದವಡೆಯ ಪೆಟ್ಟನ್ನೂ ಬರೆಸಿ. ಮೊದಲ ದಿನದ ಕಾಗದದಲ್ಲಿ ಹಲ್ಲಿನ ಮಾತೇ ಇಲ್ಲದಿದ್ದರೆ ಆಮೇಲೆ ಸೇರಿಸುವುದು ಬಹಳ ಕಷ್ಟ.

ಅಮ್ಮನ ಹೆಸರಿನಲ್ಲಿ ಯಾವ ಆರೋಗ್ಯ ವಿಮೆಯೂ ಇಲ್ಲದೆ, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, 60 ದಾಟಿದ ಅವರ ವೈದ್ಯಕೀಯ ಖರ್ಚು 50,000ದವರೆಗೆ ನಿಮ್ಮ ತೆರಿಗೆಯ ಆದಾಯದಿಂದ ಕಳೆಯಬಹುದು. ಕ್ಯಾಪ್, ಸೆಟ್ ಬಿಲ್ಲನ್ನು ನಗದಿನಲ್ಲಿ ಕೊಡಬೇಡಿ, ಯುಪಿಐ ಅಥವಾ ಕಾರ್ಡಿನಲ್ಲಿ ಕೊಟ್ಟು ರಸೀದಿ ಅಮ್ಮನ ಹೆಸರಿಗೆ ಮಾಡಿಸಿ.